ತಾತನ ನೋವಿನ ರೇಟು

ಕಲ್ಯಾಣದುರ್ಗದ ಕುರಿ ಸಂತೆಯಲ್ಲಿ ನಲವತ್ತು ವರ್ಷ ದಲ್ಲಾಳಿಯಾಗಿದ್ದ ತಾತನನ್ನು ಹಿಂದೂಪುರದ ನಮ್ಮ ಮನೆಗೆ ಕರೆತಂದದ್ದು ಒಂದು ಸೋಮವಾರ. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಇನ್ನು ಆಸ್ಪತ್ರೆ ಬೇಡ, ಮನೆಯಲ್ಲೇ ನೋವಾಗದಂತೆ ನೋಡಿಕೊಳ್ಳಿ ಎಂದಿದ್ದರು ಡಾಕ್ಟರು. ವಾರಕ್ಕೊಮ್ಮೆ ಬರುವ ನರ್ಸಮ್ಮ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ದಿನಕ್ಕೆ ಮೂರು ಸಲ ತಾತನನ್ನು ಕೇಳಿ, ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಒತ್ತಬೇಕು. ಅದನ್ನು ನೋಡಿ ಡಾಕ್ಟರು ಮಾರ್ಫಿನ್ ಮಾತ್ರೆ ಏರಿಸುತ್ತಾರೆ, ಇಲ್ಲವೇ ಇಳಿಸುತ್ತಾರೆ. ಅಂಕಿ ಬರೆದಿಡುವ ಕೆಲಸ ಎಂದರೆ ಮನೆಯಲ್ಲಿ ಎಲ್ಲರೂ ನನ್ನ ಕಡೆಗೇ ನೋಡುತ್ತಾರೆ. ಹಾಲಿನವನು ತಡವಾಗಿ ಬಂದ ದಿನಗಳ ಪಟ್ಟಿಯೂ ನನ್ನ ಡೈರಿಯಲ್ಲಿದೆ.

ಏಳು ದಿನ, ಇಪ್ಪತ್ತೊಂದು ಸಲ ಕೇಳಿದೆ. ಇಪ್ಪತ್ತೊಂದು ಸಲವೂ ತಾತ ಹೇಳಿದ್ದು ಎರಡು.

ಡೈರಿಯ ಇನ್ನೊಂದು ಪುಟ ಬೇರೆಯೇ ಹೇಳುತ್ತಿತ್ತು. ಶನಿವಾರ ಸಂಜೆ ಒಂದು ಗಂಟೆಯಲ್ಲಿ ಹನ್ನೊಂದು ಸಲ ಮಗ್ಗುಲು ಬದಲಿಸಿದ್ದ. ಮುದ್ದೆಯಲ್ಲಿ ಉಂಡದ್ದು ಮೂರು ತುತ್ತು. ನಾನೇ ಐದು ಒತ್ತಿಬಿಡಲೇ ಎನ್ನಿಸಿತು. ಆದರೆ ತಾತ ಹೇಳದ ಅಂಕಿ ಬರೆಯಲು ಕೈ ಬರಲಿಲ್ಲ.

ಮುಂದಿನ ಸೋಮವಾರ ನರ್ಸಮ್ಮ ಬಂದಾಗ, ತಾತನನ್ನು ನೋಡಲು ಸೆಟ್ಟೂರಿನಿಂದ ಬಂದ ಹಳೆಯ ಕುರಿ ವ್ಯಾಪಾರಿಯೊಬ್ಬ ಮಂಚದ ಪಕ್ಕ ಕೂತಿದ್ದ.

“ಈ ಎರಡು ನೋಡಿದ್ರೆ ಡಾಕ್ಟ್ರು ಮಾತ್ರೆ ಇಳಿಸ್ತಾರೆ ತಾತ,” ಎಂದರು ನರ್ಸಮ್ಮ.

“ಇಳಿಸ್ಲಿ ಬುಡಮ್ಮ,” ಎಂದು ತಾತ ಹಲ್ಲು ಕಚ್ಚಿಕೊಂಡೇ ನಕ್ಕ.

ನಾನು ಎದ್ದು ಒಳಗೆ ಹೋದೆ. ಡೈರಿ ತಂದು ಹನ್ನೊಂದು ಮಗ್ಗುಲನ್ನೂ ಮೂರು ತುತ್ತನ್ನೂ ಓದಿ ಹೇಳಿದೆ. ಸೆಟ್ಟೂರಿನವನು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದ.

“ದಲ್ಲಾಳಿನ ನಾಕು ಜನದ ಮುಂದೆ ಬಾಯಿಬುಟ್ಟು ರೇಟ್ ಕೇಳ್ತೀಯಲ್ಲಮ್ಮ, ಯಾವನಾದ್ರೂ ನಿಜ ಹೇಳ್ತಾನಾ? ತಗೋ.” ಹೆಗಲ ಮೇಲಿನ ಟವೆಲು ತೆಗೆದು ಕೊಟ್ಟ.

ಕುರಿ ಸಂತೆಯಲ್ಲಿ ನಿಜವಾದ ರೇಟು ಬಾಯಿಗೆ ಬರುವುದಿಲ್ಲ. ಟವೆಲಿನ ಕೆಳಗೆ ಕೈಹಿಡಿದು, ಬೆರಳು ಅದುಮಿ ಹೇಳುತ್ತಾರೆ. ಬಾಯಲ್ಲಿ ಏನಾದರೂ ಅನ್ನಬಹುದು. ಬೆರಳು ಸುಳ್ಳಾಡಿದರೆ ಮಾತ್ರ ಮುಂದಿನ ಸಂತೆಗೆ ಆ ದಲ್ಲಾಳಿಯ ಹತ್ತಿರ ಯಾರೂ ಸುಳಿಯುವುದಿಲ್ಲ.

ನಮ್ಮಿಬ್ಬರ ಕೈ ಮೇಲೆ ಟವೆಲು ಹೊದಿಸಿ, “ಎಷ್ಟು ತಾತ?” ಎಂದೆ. ತಾತ ತನಗೇನೂ ಸಂಬಂಧವಿಲ್ಲದವನಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತ, ನನ್ನ ಐದೂ ಬೆರಳು ಹಿಡಿದು ಅದುಮಿದ. ಬಿಟ್ಟ. ಮತ್ತೆ ಮೂರು ಬೆರಳು ಹಿಡಿದ.

“ಎಂಟಾ?” ಎಂದೆ.

“ಥೂ, ಹೇಳೇ ಬುಟ್ಳಲ್ಲಪ್ಪ. ನೀನು ಯಾಪಾರಕ್ಕೆ ಆಗಾಕಿಲ್ಲ ಕಣಮ್ಮ,” ಎಂದ ತಾತ.

ಸೆಟ್ಟೂರಿನವನು ಬಿದ್ದು ಬಿದ್ದು ನಕ್ಕ. ನರ್ಸಮ್ಮ ನಗಲಿಲ್ಲ. ಎಂಟು ಒತ್ತಿ, ಅಂಗಳಕ್ಕೆ ಹೋಗಿ ಡಾಕ್ಟರಿಗೆ ಫೋನು ಮಾಡಿದರು. ಆ ಮಧ್ಯಾಹ್ನವೇ ಮಾತ್ರೆ ಏರಿತು. ಮಂಗಳವಾರ ಟವೆಲಿನ ಕೆಳಗೆ ಸಿಕ್ಕ ಅಂಕಿ ಬೆಳಗ್ಗೆ ಆರು, ಸಂಜೆ ನಾಲ್ಕು. ಗುರುವಾರ ಮೂರು, ಮುದ್ದೆ ಪೂರ್ತಿ.

ತಾತ ಆಮೇಲೆ ಇದ್ದದ್ದು ಮೂವತ್ತನಾಲ್ಕು ದಿನ. ಎಂಟು ಮತ್ತೆ ಬಂದದ್ದು ಎರಡೇ ಸಲ, ಎರಡು ಸಲವೂ ಅರ್ಧ ಗಂಟೆಯೊಳಗೆ ನರ್ಸಮ್ಮ ಅದನ್ನು ನೋಡಿ ನನಗೆ ಫೋನು ಮಾಡಿದರು. ಕೊನೆಯ ಆರು ದಿನ ಅವನಿಗೆ ಮಾತು ನಿಂತಿತ್ತು, ಟವೆಲಿನ ಕೆಳಗೆ ಬೆರಳು ನಿಂತಿರಲಿಲ್ಲ. ಆ್ಯಪ್‌ನಲ್ಲಿ ಆ ಆರು ದಿನದ ಅಂಕಿಯ ಒಂದು ಮನೆಯೂ ಖಾಲಿಯಿಲ್ಲ.