‘ನಿಮ್ಮ ವರದಿ ಬಂದಿದೆ’

ಕನ್ನಡಕದ ಅಂಗಡಿಯೊಂದರ ಜಾಹೀರಾತು ಇಮೇಲ್‌ಗಳಿಗೆ ತಲೆಬರಹ ಬರೆಯುವುದು ಆಕೆಯ ಉದ್ಯೋಗ. ಅರಳು ಹುರಿದಂತೆ ಮಾತಾಡುವ ಕಾರಣ ಮನೆಯವರಿಗೆ ಆಕೆ ಚಿನಕುರಳಿ. ಆದರೆ ಆಕೆ ಕಳಿಸಿದ ‘ಹೊಸ ಫ್ರೇಮುಗಳು ಬಂದಿವೆ’ ಎಂಬುದನ್ನು ತೆರೆದು ನೋಡುವವರೇ ಇರಲಿಲ್ಲ.

“ಜನ ತೆರೆಯೋ ಹಾಗೆ ಬರೀರಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ,” ಎಂದ ಮಾಲೀಕ.

ಆಕೆ ಬರೆದಳು: ‘ನಿಮ್ಮ ವರದಿ ಬಂದಿದೆ, ಕೂಡಲೇ ನೋಡಿ.’ ಒಳಗಿದ್ದದ್ದು ರಿಯಾಯಿತಿಯ ವಿವರ ಮಾತ್ರ. ಸಂಜೆಯೊಳಗೆ ಬಹುಪಾಲು ಗಿರಾಕಿಗಳು ತೆರೆದಿದ್ದರು. ಮಾಲೀಕ ಎಲ್ಲರೆದುರು ಚಪ್ಪಾಳೆ ತಟ್ಟಿದ.

ಬೀಗುತ್ತಾ ಮನೆಗೆ ಬಂದರೆ ದೊಡ್ಡಮ್ಮ ಬೆವರೊರೆಸಿಕೊಳ್ಳುತ್ತಿದ್ದರು. ಎದೆಯ ಗಂಟಿನ ಪರೀಕ್ಷೆ ಮಾಡಿಸಿ ಆಸ್ಪತ್ರೆಯ ಇಮೇಲ್‌ಗೆ ಕಾದಿದ್ದವರು ಅವರು. ಅಂಗಡಿಗೆ ಅವರ ವಿಳಾಸ ಕೊಟ್ಟವಳು ಚಿನಕುರಳಿಯೇ.

“ವರದಿ ಅಂತ ನೋಡಿ ಕೈಕಾಲು ತಣ್ಣಗಾಯ್ತು ಕಣೇ. ನಿಮ್ಮ ದೊಡ್ಡಪ್ಪನ್ನ ಪಕ್ಕ ಕೂರಿಸ್ಕೊಂಡು ತೆರೆದ್ರೆ, ಕನ್ನಡಕ! ಯಾವ ಮನೆಹಾಳ ಬರೆದ್ನೋ!”

“ಇವಳ ಜೀವ ಹೋಗಿ ಬಂತು, ಅವನಿಗೆ ವ್ಯಾಪಾರದ ಚಿಂತೆ,” ಎಂದರು ದೊಡ್ಡಪ್ಪ.

ಅಷ್ಟರಲ್ಲಿ ಫೋನು ಮತ್ತೆ ಸದ್ದು ಮಾಡಿತು. ತೆರೆಯಲು ಮನಸ್ಸಾಗದೆ ದೊಡ್ಡಮ್ಮ ಅದನ್ನು ಆಕೆಯತ್ತ ಚಾಚಿದರು. “ಇನ್ನೊಂದು ‘ವರದಿ’. ಆ ದರಿದ್ರದವನದೇ ಇರಬೇಕು, ಅಳಿಸಿ ಹಾಕು.”

ಅದು ಆಸ್ಪತ್ರೆಯದು. ಚಿನಕುರಳಿ ಅಳಿಸಲಿಲ್ಲ.

“ಇದು ನಿಜವಾದದ್ದು ದೊಡ್ಡಮ್ಮ. ಆ ಸುಳ್ಳು ಬರೆದವಳು ನಾನೇ.”

ಯಾರೂ ಬೈಯಲಿಲ್ಲ. ಆಕೆಯೇ ತೆರೆದು, ಗಂಟಿನಿಂದ ಅಪಾಯವಿಲ್ಲವೆಂದು ಓದಿದಳು.

“ಸರಿಯಾಗಿ ನೋಡಿದ್ಯೇನೇ?” ಎಂದು ದೊಡ್ಡಮ್ಮ ಫೋನನ್ನು ಹಿಂದಕ್ಕೆ ಪಡೆದು, ದೊಡ್ಡಪ್ಪನ ಕೈಗಿತ್ತರು. “ನೀವೊಂದ್ಸಲ ಓದಿ.”