ಕಣ್ಣಿನ ಬಚ್ಚಲು, ಟೊಮೇಟೊ ಅಕ್ಕ

“ಇದು ಕಣ್ಣಾಸ್ಪತ್ರೆ ಕಣಮ್ಮ, ನಿಮ್ಮನೆ ಹಿತ್ತಿಲಲ್ಲ! ಎಳೇ ಮಗುವಿನ ಕಣ್ಣನ್ನ ಬಚ್ಚಲು ಅಂತೀರಲ್ಲ, ನಾಲಿಗೆ ಮೇಲೆ ಹಿಡಿತ ಬೇಡ್ವಾ?”

“ಕಣ್ಣನ್ನ ಬಚ್ಚಲು ಅನ್ನಲಿಲ್ಲ ಸಾರ್. ಕಣ್ಣಿಗೂ ಒಂದು ಬಚ್ಚಲಿದೆ, ಅದು ಕಟ್ಕೊಂಡಿದೆ ಅಂದೆ.”

“ಗೋಡೆ ಮೇಲೆ ಬೋರ್ಡ್ ಹಾಕ್ಸಿದೀನಿ, ನಾಸಾಶ್ರುನಾಳ ಅಂತ. ಅದನ್ನ ಹೇಳಿ. ಇಲ್ಲಾಂದ್ರೆ ಬಾಯ್ಮುಚ್ಕೊಂಡು ನೆಲ ಒರೆಸಿ.”

“ಆ ಮಾತು ಕಿವಿಗೆ ಬಿದ್ಮೇಲೇ ಸಾರ್, ಈ ಹುಡುಗಿ ಅಳೋಕೆ ಶುರು ಮಾಡಿದ್ದು!”

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಆದರೂ ವೈದ್ಯೆ ಒಳಗೆ ಚೀಟಿ ಬರೆಯಲು ಕೂತಾಗಿದೆ. ಆಸ್ಪತ್ರೆಯ ಹಜಾರದಲ್ಲಿ ನೆಲ ಒರೆಸಿದ ಪಸೆ ಆರಿಲ್ಲ. ಒಂದು ಕಡೆ ಆಸ್ಪತ್ರೆಯ ಆಡಳಿತಾಧಿಕಾರಿ, ಇನ್ನೊಂದು ಕಡೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಆಯಾ. ನಡುವಿನ ಬೆಂಚಿನ ಮೇಲೆ ಚಿಕ್ಕ ವಯಸ್ಸಿನ ತಾಯಿ, ಹೆಗಲ ಮೇಲೆ ಹಾಲುಗೂಸು. ಕೂಸಿನ ಎಡಗಣ್ಣು ಗೀಜು ಕಟ್ಟಿ ಅಂಟಿಕೊಂಡಿದೆ. ತಾಯಿಯ ಎರಡೂ ಕಣ್ಣು ಧಾರಾಳವಾಗಿ ಹರಿಯುತ್ತಿವೆ. ಕಣ್ಣು ತೋರಿಸಲು ಆಗಾಗ ಇಲ್ಲಿಗೆ ಬರುವ ನಾನು ಕಿಟಕಿಯ ಪಕ್ಕ ಕುಳಿತು ನೋಡುತ್ತಿದ್ದೇನೆ.

ಈ ಆಯಾಳನ್ನು ತಾಯಂದಿರು ಕರೆಯುವುದು ಟೊಮೇಟೊ ಅಕ್ಕ ಎಂದು. ಸಂಬಳದ ಕಾಗದದಲ್ಲಿ ಅವರು ಕಸ ಗುಡಿಸುವವರು, ಅಷ್ಟೇ. ಆದರೆ ಕೂಸುಗಳ ಕಣ್ಣು ಸೋರುತ್ತಿದ್ದರೆ ವೈದ್ಯೆ ಚೀಟಿ ಬರೆದು “ಹೊರಗೆ ಅಕ್ಕ ಇದ್ದಾರೆ, ಒತ್ತೋದು ಕಲಿತುಕೊಂಡು ಹೋಗಿ” ಎಂದು ಕಳಿಸುತ್ತಾರೆ. ವರ್ಷಗಳಿಂದ ಹೀಗೇ ನಡೆದಿದೆ. ಕಲಿಸುವ ಕೆಲಸಕ್ಕೆ ಕುರ್ಚಿಯಿಲ್ಲ, ಹುದ್ದೆಯಿಲ್ಲ, ಒಂದು ಒಳ್ಳೆಯ ಮಾತೂ ಇಲ್ಲ. ಕಲಿಸಿ ಮುಗಿದ ಮೇಲೆ ಅದೇ ಬೆಂಚಿನ ಕೆಳಗೆ ಮತ್ತೆ ಒರೆಸುಬಟ್ಟೆ.

ಕಲಿಸುವ ರೀತಿ ಅವರದೇ. ಸೊಂಟದ ಸಂಚಿಯಿಂದ ಹಣ್ಣಾದ ಟೊಮೇಟೊ ತೆಗೆದು ತಾಯಿಯ ಕೈಗೆ ಕೊಡುತ್ತಾರೆ. “ಸಿಪ್ಪೆ ಒಡೀಬಾರ್ದು, ಬೆರಳಿನ ಕೆಳಗೆ ತಗ್ಗು ಬೀಳ್ಬೇಕು. ಹೂಂ, ಹಾಗೆ. ಈಗ ನಿನ್ನ ಮೂಗಿನ ಪಕ್ಕ ಅಷ್ಟೇ ಒತ್ಕೋ. ಕಣ್ಣಿನ ಮೂಲೆಯಿಂದ ಕೆಳಕ್ಕೆ. ಮೇಲಕ್ಕಲ್ಲ ತಾಯಿ, ಕೆಳಕ್ಕೆ!” ಉಗುರು ಬೆಳೆಸಿಕೊಂಡು ಬಂದವರಿಗೆ ಮೊದಲು ಬೈಗುಳ, ಆಮೇಲೆ ಉಗುರು ಕತ್ತರಿ. “ಯಾವ ಮದುವೆಗೆ ಹೊರಟಿದ್ದೀಯೆ?” ಎಂದು ಕೇಳಿ ನಗಿಸುತ್ತಾರೆ. ನಕ್ಕವರ ಕೈ ನಡುಗುವುದಿಲ್ಲ ಎಂಬುದು ಅವರ ಲೆಕ್ಕ.

ಬಚ್ಚಲು ಎಂಬ ಮಾತು ಬಂದದ್ದು ಗಂಡನ ಕಸುಬಿನಿಂದ. ಆತ ನಲ್ಲಿ, ಪೈಪು ರಿಪೇರಿ ಮಾಡುತ್ತಿದ್ದರು. “ಅವರು ಬಗ್ಗಿ ಕೆಲಸ ಮಾಡೋರು, ನಾನು ಟಾರ್ಚ್ ಹಿಡ್ಕೊಂಡಿರ್ತಿದ್ದೆ. ಕಸ ಕಟ್ಟಿದ್ರೆ ನೀರು ಎಲ್ಲಿಗೆ ಹೋಗ್ಬೇಕು? ಅಂಗಳಕ್ಕೆ ಬರುತ್ತೆ. ಈ ಕೂಸಿನ ಕಣ್ಣೂ ಅಷ್ಟೇ,” ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಲು ಪೊರಕೆ ಹಿಡಿದು ಇಲ್ಲಿಗೆ ಬಂದವರು.

ಬೋರ್ಡಿನ ಮೇಲಿನ ಪದ ಕೆಟ್ಟದ್ದೇನಲ್ಲ. ನಾಸಾ ಎಂದರೆ ಮೂಗು, ಅಶ್ರು ಎಂದರೆ ಕಣ್ಣೀರು. ಕಣ್ಣೀರು ಮೂಗಿಗೆ ಇಳಿಯುವ ನಾಳ. ಅತ್ತಾಗ ಮೂಗು ಸೋರುವುದು ಅದರಿಂದಲೇ. ಕೆಲವು ಕೂಸುಗಳಿಗೆ ಹುಟ್ಟುವಾಗ ಆ ನಾಳದ ತುದಿ ತೆರೆದಿರುವುದಿಲ್ಲ. ತಾಳ್ಮೆಯಿಂದ ಒತ್ತುತ್ತಾ ಬಂದರೆ ಬಹುಪಾಲು ಕೂಸುಗಳಿಗೆ ವರ್ಷ ತುಂಬುವುದರೊಳಗೆ ತಾನೇ ತೆರೆದುಕೊಳ್ಳುತ್ತದೆ, ಇಲ್ಲದಿದ್ದರೆ ವೈದ್ಯರು ತೆರೆಯುತ್ತಾರೆ. ವೈದ್ಯರು ವೈದ್ಯರಿಗೆ ಬರೆಯುವಾಗ ಈ ಪದ ಬೇಕೇ ಬೇಕು. ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದ ಹೆಣ್ಣುಮಗಳ ಮುಖಕ್ಕೆ ಅದನ್ನು ಎಸೆಯುವುದು ಯಾವ ಸಂಸ್ಕಾರ?

ಇವತ್ತು ಆದದ್ದು ಅದೇ. ಚೀಟಿ ನೋಡಿದ ಅಧಿಕಾರಿ “ನಾಸಾಶ್ರುನಾಳ ಬ್ಲಾಕ್ ಆಗಿದೆ” ಎಂದರು. ಈ ಹುಡುಗಿಯ ಅಪ್ಪ ಹೃದಯದ ರಕ್ತನಾಳ ಬ್ಲಾಕ್ ಆಗಿ ಹೋದವರು. ನಾಳ, ಬ್ಲಾಕ್, ಎರಡೇ ಮಾತು ಕೇಳಿಸಿದೆ. “ಕುಯ್ಯೋದು ಬೇಡ ಸಾರ್, ಇದೊಂದೇ ಮಗು,” ಎಂದು ಅಪ್ಪಿಕೊಂಡು ಕುಳಿತಳು. ಅಕ್ಕ ಓಡಿ ಬಂದು “ಏನಿಲ್ಲ ಕಣೇ, ಬಚ್ಚಲು ಕಟ್ಕೊಂಡಿದೆ ಅಷ್ಟೇ” ಎಂದದ್ದಕ್ಕೆ ಈ ರಂಪ.

ಅಧಿಕಾರಿಗೂ ಅವರದೇ ಸಂಕಟವಿದೆ. ಯಾರೋ ತಂದೆ ‘ನನ್ನ ಮಗಳ ಕಣ್ಣನ್ನು ಚರಂಡಿ ಮಾಡಿದರು’ ಎಂದು ದೂರು ಕೊಟ್ಟಿದ್ದಾನಂತೆ. “ಮುಂದಿನ ವಾರ ಟಿವಿ ಬರುತ್ತೆ. ವಿಡಿಯೋ ನೋಡಿ ಕಲೀತಾರೆ. ಯಾರ ಬಾಯಿಗೂ ಕೆಲಸ ಇರಲ್ಲ,” ಎನ್ನುತ್ತಾರೆ ನನ್ನ ಕಡೆ ತಿರುಗಿ.

“ಟಿವಿ ಬೆರಳು ಹಿಡ್ಕೊಳ್ಳುತ್ತಾ ಸಾರ್?” ಅಕ್ಕ ಬಿಡುವುದಿಲ್ಲ. “ಮೇಲಕ್ಕೆ ಒತ್ತಿದ್ರೆ ಗದರುತ್ತಾ? ಉಗುರು ಕತ್ತರಿಸುತ್ತಾ?”

“ಎದುರು ಮಾತಾಡಿದ್ರೆ ನಾಳೆಯಿಂದ ಬರಬೇಡಿ!”

“ನೀವು ಹೇಳೋದೇನು, ನಾನೇ...”

ಮಾತು ಅರ್ಧಕ್ಕೇ ನಿಲ್ಲುತ್ತದೆ. ಬೆಂಚು ಖಾಲಿ. ಇಬ್ಬರು ದೊಡ್ಡವರು ಒಂದು ಹೆಸರಿಗಾಗಿ ಕಿತ್ತಾಡುವಾಗ ಆ ಹುಡುಗಿ ಕೂಸನ್ನು ಎತ್ತಿಕೊಂಡು ಹೊರಟೇ ಹೋಗಿದ್ದಾಳೆ. ಚೀಟಿಯನ್ನೂ ಬಿಟ್ಟು.

“ಅಯ್ಯೋ, ನನ್ನ ಬಾಯಿಗಿಷ್ಟು!” ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. “ಒಂದು ಗಳಿಗೆ ಸುಮ್ನಿದ್ದಿದ್ರೆ ಕಲಿತು ಹೋಗ್ತಿತ್ತು ಹುಡುಗಿ.” ಅಧಿಕಾರಿ ಇನ್ನೂ ಏನೋ ಹೇಳುತ್ತಿದ್ದಾರೆ. “ಅದಕ್ಕೆ ನೀವು ಯಾವ ಹೆಸರು ಬೇಕಾದ್ರೂ ಇಟ್ಕೊಳ್ಳಿ ಸಾರ್,” ಎಂದು ಅಕ್ಕ ಒರೆಸುಬಟ್ಟೆಯನ್ನು ಬಕೆಟ್ಟಿಗೆ ಎಸೆದು ಬಾಗಿಲ ಕಡೆ ಓಡುತ್ತಾರೆ.

ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ಅಕ್ಕ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹುಡುಗಿಯ ಪಕ್ಕ ಕುಳಿತಿದ್ದಾರೆ. ಏನೋ ಹೇಳುತ್ತಾರೆ, ಹುಡುಗಿ ತಲೆ ಅಲ್ಲಾಡಿಸುತ್ತಾಳೆ. ಸಂಚಿಯಿಂದ ಟೊಮೇಟೊ ಹೊರಬರುತ್ತದೆ. ಹುಡುಗಿಯ ಬೆರಳು ತನ್ನದೇ ಮೂಗಿನ ಪಕ್ಕ ಹೋಗುತ್ತದೆ, ಅಕ್ಕ ಅದನ್ನು ಹಿಡಿದು ಕೆಳಕ್ಕೆ ಜಾರಿಸುತ್ತಾರೆ. ಕೂಸಿನ ಸರದಿ ಬರುವಷ್ಟರಲ್ಲಿ ಬಸ್ಸು ಬರುತ್ತದೆ. ಹುಡುಗಿ ಹತ್ತುತ್ತಾಳೆ. ಕೂಸನ್ನು ಎತ್ತಿಕೊಂಡು ಹಿಂದೆಯೇ ಅಕ್ಕನೂ ಹತ್ತುತ್ತಾರೆ.

“ಆಯಾ ಎಲ್ಲಿಗೆ ಹೋಗ್ತಾಳೆ, ಬರ್ತಾಳೆ ಬಿಡಿ,” ಎನ್ನುತ್ತಾರೆ ಅಧಿಕಾರಿ. ಹಜಾರದಲ್ಲಿ ಆಗಲೇ ಇನ್ನಿಬ್ಬರು ತಾಯಂದಿರು ಚೀಟಿ ಹಿಡಿದು ಟೊಮೇಟೊ ಅಕ್ಕ ಎಲ್ಲಿ ಎಂದು ಕೇಳುತ್ತಿದ್ದಾರೆ. ಅಧಿಕಾರಿ ಬೋರ್ಡು ತೋರಿಸುತ್ತಾರೆ.

ಆಸ್ಪತ್ರೆಯ ಬಾಗಿಲು ಹಾಕುವವರೆಗೂ ಕಾದೆ. ಅಕ್ಕ ಬರಲಿಲ್ಲ.