ಒಂಬತ್ತನೆಯ ಸರದಿ

ನಾವು ಚಿಕ್ಕವರಿದ್ದ ಕಾಲದಲ್ಲಿ ಟೇಕಲ್ ಸ್ಟೇಷನ್ನಿನ ಮಕ್ಕಳಿಗೆ ದೊಡ್ಡ ರೈಲಿನ ಮೇಲೆ ಏನೂ ಆಸೆ ಇರಲಿಲ್ಲ. ಅದು ದಿನವೂ ಮನೆ ಮುಂದೆ ಹೋಗುತ್ತಿತ್ತು, ಒಗೆದು ಹಾಕಿದ ಬಟ್ಟೆಗೆಲ್ಲ ಮಸಿ ಮಾಡುತ್ತಿತ್ತು, ಅಮ್ಮನ ಕೈಲಿ ಬೈಸಿಕೊಳ್ಳುತ್ತಿತ್ತು. ನಮಗೆ ಆಸೆ ಇದ್ದದ್ದು ಗೇಣುದ್ದದ ತಗಡಿನ ರೈಲಿನ ಮೇಲೆ. ಕೀಲಿ ತಿರುಗಿಸಿ ಬಿಟ್ಟರೆ ಓಡುವಂಥದ್ದು. ಇಡೀ ಸ್ಟೇಷನ್ನಿಗೆ ಅಂಥದ್ದು ಒಂದೇ ಇತ್ತು.

ಈ ವರ್ಷ ಮೊಮ್ಮಗಳು ಶ್ವೇತಾ ನನ್ನನ್ನು ಒಂದು ರೈಲು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಆಟದ ರೈಲುಗಳನ್ನು ಕೂಡಿಡುವ ಶೋಕಿಯವರು ವರ್ಷಕ್ಕೊಂದು ಸಲ ಅಲ್ಲಿ ಸೇರಿ, ಮೇಜು ಹಾಕಿಕೊಂಡು, ತೋರಿಸುತ್ತಾರೆ, ಮಾರುತ್ತಾರೆ, ಅದಲುಬದಲು ಮಾಡಿಕೊಳ್ಳುತ್ತಾರೆ. ಒಟ್ಟಿನಲ್ಲಿ ಸಂತೆ. ಆದರೆ ಸಂತೆಯಲ್ಲಿ ಬದನೆಕಾಯಿಯನ್ನು ಒತ್ತಿ ನೋಡಬಹುದು; ಇಲ್ಲಿ ಎಲ್ಲ ಮೇಜಿನ ಮೇಲೂ ‘ಮುಟ್ಟಬೇಡಿ’ ಅಂತ ಚೀಟಿ. ನನಗೆ ಒಂದು ಕಡೆ ನಿಲ್ಲಲು ಆಗಲಿಲ್ಲ. ಈ ಮೇಜಿಂದ ಆ ಮೇಜಿಗೆ, ಆ ಮೇಜಿಂದ ಬಾಗಿಲಿಗೆ, ಮತ್ತೆ ಒಳಕ್ಕೆ.

“ಒಂದ್ಕಡೆ ಕೂತ್ಕೋ ಅಜ್ಜಿ, ಕಾಲು ನೋಯಲ್ವಾ?”

“ಕೂತ್ರೆ ಇನ್ನೂ ನೋಯ್ತದೆ. ನಡಿ ನೀನು.”

ಒಂದು ಮೇಜಿನ ಮುಂದೆ ಕನ್ನಡಕದ ಗಂಡಸೊಬ್ಬ ಬಗ್ಗಿಕೊಂಡು ಒದ್ದಾಡುತ್ತಿದ್ದ. ಅವನದೂ ತಗಡಿನ ರೈಲೇ. ಕೀಲಿ ತಿರುಗಿಸಿ ಬಿಟ್ಟರೆ ಚಕ್ರ ಗಿರಗಿರ ಸುತ್ತುತ್ತದೆ, ರೈಲು ಇದ್ದಲ್ಲೇ ಇದೆ.

“ಹಳಿ ಮೇಲೆ ಎಣ್ಣೆ ಬಿದ್ದೈತೆ ಕಣಪ್ಪ, ಒಣಬಟ್ಟೇಲಿ ಒರೆಸು. ಮರಳು ಮಾತ್ರ ಹಾಕಬೇಡ,” ಅಂದೆ.

ಅವನು ನಕ್ಕ. “ಆಟದ ರೈಲಿಗೆ ಯಾರಜ್ಜಿ ಮರಳು ಹಾಕ್ತಾರೆ?”

“ನಾನು ಹಾಕಿದ್ದೆ.”

ಅವನು ಒರೆಸುತ್ತ ಕೇಳಿಸಿಕೊಂಡ. ನಾನು ನಿಂತೇ ಹೇಳಿದೆ.

ನಮ್ಮಪ್ಪ ಟೇಕಲ್ಲಿನಲ್ಲಿ ಪಾಯಿಂಟ್ಸ್‌ಮನ್. ಬರುವ ರೈಲು ಯಾವ ದಾರಿಗೆ ಹೋಗಬೇಕೋ ಆ ಕಡೆಗೆ ಹಳಿ ತಿರುಗಿಸುವುದು, ಆ ತಿರುಗುವ ಜಾಗಕ್ಕೆಲ್ಲ ಎಣ್ಣೆ ಬಿಡುವುದು ಅವನ ಕೆಲಸ. ಮೈಯೆಲ್ಲ ಸೀಮೆಎಣ್ಣೆ ವಾಸನೆ. ತಗಡಿನ ರೈಲು ಇದ್ದದ್ದು ಸ್ಟೇಷನ್ ಮಾಸ್ಟರ ಮನೆಯಲ್ಲಿ, ಅವರ ಮಗಳು ಪದ್ಮನದು. ದಸರಾ ಬಂದರೆ ಅವರ ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದರು. ಪಟ್ಟದ ಗೊಂಬೆಗಳ ಮುಂದೆ ದುಂಡಗೆ ಹಳಿ ಜೋಡಿಸಿ ರೈಲು ಇಡುತ್ತಿದ್ದರು. ಸಂಜೆಯಾದರೆ ಕ್ವಾರ್ಟರ್ಸಿನ ಹೆಣ್ಣುಮಕ್ಕಳೆಲ್ಲ ಹೋಗುವುದು, ಒಂದು ಹಾಡು ಹೇಳುವುದು, ಗುಗ್ಗರಿ ಇಸಿದುಕೊಳ್ಳುವುದು. ಒಂದು ದಿನ ಕಡಲೆ, ಒಂದು ದಿನ ಹೆಸರುಕಾಳು, ಒಂದು ದಿನ ಅಲಸಂದೆ.

ಆ ವರ್ಷ ಮಾಸ್ಟರ ಹೆಂಡತಿ ಹೊಸದೊಂದು ಕ್ರಮ ಮಾಡಿದರು. ಅವರನ್ನು ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದೆವು. ಒಂಬತ್ತು ದಿನಕ್ಕೆ ಒಂಬತ್ತು ಹುಡುಗಿಯರು, ದಿನಕ್ಕೊಬ್ಬಳು ಕೀಲಿ ತಿರುಗಿಸಬೇಕು. ಮೊದಲ ದಿನ ಪದ್ಮ. ಆಮೇಲೆ ಗುಮಾಸ್ತರ ಮಗಳು. ಹೀಗೆ ಇಳಿದು ಇಳಿದು ಕೊನೆಗೆ ನಾನು.

“ಮುನೀಗೆ ಒಂಬತ್ತನೇ ದಿನ. ಕೈ ತೊಳ್ಕೊಂಡು ಬಾರೇ.”

ಒಂಬತ್ತು ದಿನ ಕಾಯುವುದೆಂದರೆ ಏನು ಅಂತ ಕಾದವರಿಗೇ ಗೊತ್ತು. ಸ್ಕೂಲಿನಲ್ಲಿ ಕೂತಿದ್ದರೂ ಬೆರಳು ಗಾಳಿಯಲ್ಲಿ ಕೀಲಿ ತಿರುಗಿಸುತ್ತಿತ್ತು. ಮುದ್ದೆ ನುಂಗುವಾಗಲೂ ಅದೇ. ಅಮ್ಮ ತೆಲುಗಿನಲ್ಲಿ ಬೈಯುತ್ತಿದ್ದಳು: “ಊರಿಕೆ ಉಂಡವೇಮೇ ನೀ ಚೇತುಲು?” ನಿನ್ನ ಕೈ ಸುಮ್ಮನೆ ಇರೋದಿಲ್ಲವಾ ಅಂತ.

ಆರನೆಯ ದಿನ ರೈಲು ಮುಲುಗತೊಡಗಿತು. ಏಳನೆಯ ದಿನ ಅರ್ಧ ಸುತ್ತಿಗೇ ನಿಂತಿತು. ಪದ್ಮ ಅದನ್ನು ಎತ್ತಿ ಕುಲುಕಿದಳು. ನನ್ನ ಸರದಿ ಬರುವ ಮುಂಚೆಯೇ ಇದು ಸತ್ತರೆ?

ಎಂಟನೆಯ ದಿನ ಮಧ್ಯಾಹ್ನ ಅಮ್ಮಾವ್ರು ಅಡುಗೆಮನೆಯಲ್ಲಿದ್ದಾಗ ಅಪ್ಪನ ಎಣ್ಣೆಡಬ್ಬಿ ತಗೊಂಡು ಹೋದೆ. ಅಪ್ಪ ಹೇಗೆ ಬಿಡುತ್ತಿದ್ದನೋ ಹಾಗೇ ಬಿಟ್ಟೆ: ಚಕ್ರಕ್ಕೆ, ಒಳಗಡೆಗೆ, ಹಳಿಯ ಉದ್ದಕ್ಕೂ. ಒಂದು ಹನಿ ಕಮ್ಮಿ ಮಾಡಲಿಲ್ಲ.

ಸಂಜೆ ಎಂಟನೆಯ ಹುಡುಗಿ ಕೀಲಿ ತಿರುಗಿಸಿದಳು. ಚಕ್ರ ಗಿರ್ ಅಂತು. ರೈಲು ಕದಲಲಿಲ್ಲ.

“ಅಯ್ಯೋ ನೋಡ್ರೇ, ನಿಂತ್ಕೊಂಡೇ ಊರಿಗೆ ಹೋಗ್ತೈತೆ!” ಅಂದಳು ಪದ್ಮ. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಮಳೆಗಾಲದಲ್ಲಿ ಗೂಡ್ಸ್ ರೈಲು ಏರಿನಲ್ಲಿ ಹೀಗೇ ಜಾರುವುದನ್ನು ಎಷ್ಟು ಸಲ ನೋಡಿರಲಿಲ್ಲ! ಆಗ ಇಂಜಿನ್ನಿನವರು ಹಳಿಯ ಮೇಲೆ ಮರಳು ಸುರಿಸುತ್ತಾರೆ, ಚಕ್ರ ಹಿಡಿದುಕೊಳ್ಳುತ್ತದೆ. ಅಪ್ಪನೇ ಹೇಳಿಕೊಟ್ಟಿದ್ದ. ಪ್ಲಾಟ್‌ಫಾರ್ಮಿಗೆ ಓಡಿದೆ. ಬೆಂಕಿ ಆರಿಸಲೆಂದು ಅಲ್ಲಿ ಕೆಂಪು ಬಕೆಟ್ಟುಗಳಲ್ಲಿ ಮರಳು ತುಂಬಿ ನೇತುಹಾಕಿರುತ್ತಾರಲ್ಲ, ಅದರಿಂದ ಒಂದು ಹಿಡಿ ತಂದು, ಆ ಹುಡುಗಿ ಮತ್ತೆ ಕೀಲಿ ತಿರುಗಿಸಿ ಬಿಡುವಾಗ ಹಳಿಯ ಮೇಲೆ ಉದುರಿಸಿದೆ. ಯಾರಾದರೂ ತಡೆಯುವಷ್ಟರಲ್ಲಿ ರೈಲು ಹಿಡಿದುಕೊಂಡಿತು. ಓಡಿತು! ಗೌರಿಗೊಂಬೆಯ ತನಕ ಓಡಿ, ಕರಕರ ಅಂದು ನಿಂತಿತು. ಒಳಗೆಲ್ಲ ಮರಳು. ಕೀಲಿ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಅಮ್ಮಾವ್ರು ಬೆರಳಿಗಂಟಿದ ಕರಿ ಎಣ್ಣೆ ಮೂಸಿ ನೋಡಿದರು. “ಯಾರೇ ಇದನ್ನ ಹಾಕಿದ್ದು?”

“ನಾನೇ. ಹಾಕದೆ ಇನ್ನೇನು, ಸಾಯ್ತಾ ಇತ್ತಲ್ಲ.”

ಅಪ್ಪನನ್ನು ಕರೆಸಿದರು. ಅವನು ನನ್ನ ಮುಖವನ್ನೂ ನೋಡಲಿಲ್ಲ, ಹೊಡೆಯಲೂ ಇಲ್ಲ. ರೈಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ.

ಮಾರನೆಯ ದಿನ ಆಯುಧಪೂಜೆ. ಸ್ಟೇಷನ್ನಿನಲ್ಲಿ ಬಾವುಟ, ಲಾಟೀನು, ಗಂಟೆಗೆಲ್ಲ ಕುಂಕುಮ ಇಡುತ್ತಿದ್ದರು, ಬೂದುಗುಂಬಳ ಒಡೆಯುತ್ತಿದ್ದರು. ಅಪ್ಪ ಮಾತ್ರ ದೀಪದ ಕೋಣೆಯ ಹಿಂದೆ ಕೂತು, ಬೋಗುಣಿಯಲ್ಲಿ ಸೀಮೆಎಣ್ಣೆ ಹಾಕಿಕೊಂಡು, ಕೋಳಿಪುಕ್ಕದಲ್ಲಿ ಮರಳು ಬಿಡಿಸುತ್ತಿದ್ದ. ನಾನು ಅವನ ಸುತ್ತ ಸುತ್ತಿದೆ.

“ಕೂತ್ಕೊಳೇ, ನಂಗೆ ತಲೆ ತಿರುಗ್ತದೆ.”

“ಸಂಜೆಯೊಳಗೆ ಆಗ್ತದಾ? ಇವತ್ತು ನನ್ ಸರದಿ.”

“ಇನ್ನೂ ಸರದಿ ಬೇರೆ ಕೇಳ್ತೀಯಾ ನೀನು?”

ಹೊತ್ತು ಇಳಿಯುವಾಗ ಆಯಿತು. ಓಡುತ್ತದೋ ಇಲ್ಲವೋ ನೋಡಬೇಕಲ್ಲ, ನಾನು ಕೈ ಚಾಚಿದೆ. ಅಪ್ಪ ತಾನೇ ಒಂದು ಸುತ್ತು ತಿರುಗಿಸಿ, ಚಕ್ರ ತಿರುಗುವುದನ್ನು ಕಂಡು ನಿಲ್ಲಿಸಿಬಿಟ್ಟ.

“ಅವರ ಸಾಮಾನು ಕಣೇ. ಅವರು ಕೊಟ್ರೆ ಅವರ ಮನೇಲಿ ತಿರುಗಿಸು.”

ಅವರು ಕೊಡಲಿಲ್ಲ. ಅಮ್ಮಾವ್ರು ಜೋರು ಮಾಡಲಿಲ್ಲ, ಚಾಪೆಯ ಮೇಲೆ ಕೂರಿಸಿದರು, ಎಲ್ಲರಿಗಿಂತ ಹೆಚ್ಚು ಗುಗ್ಗರಿ ಹಾಕಿದರು. “ಇವತ್ತು ಪದ್ಮನೇ ತಿರುಗಿಸಲಿ,” ಅಂದರು. ನಾನು ಎಲೆ ಸಮೇತ ಗುಗ್ಗರಿ ಅಲ್ಲೇ ಬಿಟ್ಟು ಎದ್ದೆ. “ಮುನೀ, ನೋಡೇ, ಓಡ್ತೈತೆ!” ಅಂತ ಪದ್ಮ ಹಿಂದಿನಿಂದ ಕೂಗಿದಳು. ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಮುಂದಿನ ದಸರಾ ಬರುವಷ್ಟರಲ್ಲಿ ಅವರಿಗೆ ವರ್ಗವಾಗಿತ್ತು.

ಇಷ್ಟು ಹೇಳುವ ಹೊತ್ತಿಗೆ ಕನ್ನಡಕದವನು ಹಳಿ ಒರೆಸಿ ಮುಗಿಸಿದ್ದ. ‘ಮುಟ್ಟಬೇಡಿ’ ಚೀಟಿಯನ್ನು ಮಗುಚಿಟ್ಟು, “ತಗೊಳ್ಳಿ ಅಜ್ಜಿ, ನೀವೇ ತಿರುಗಿಸಿ,” ಅಂದ.

ಹಿಡಿದೆ. ಮದುವೆಯಾಗಿ ಹೋದಮೇಲೆ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ರೇಷ್ಮೆನೂಲು ತೆಗೆದ ಬೆರಳು ಇವು. ಗೆಣ್ಣೆಲ್ಲ ಊದಿ ಗಂಟಾಗಿವೆ. ಅಷ್ಟು ಸಣ್ಣ ಕೀಲಿ, ಕಾಲು ಸುತ್ತೂ ಬರಲಿಲ್ಲ. ಶ್ವೇತಾ ತನ್ನ ಕೈಯನ್ನು ನನ್ನ ಕೈಮೇಲೆ ಇಡಲು ಬಂದಳು.

“ಬೇಡ ತೆಗಿ. ನೀನೇ ತಿರುಗಿಸು.”

ತಿರುಗಿಸಿದಳು. ರೈಲು ಚೆನ್ನಾಗಿಯೇ ಓಡಿತು. ಒಂದು ಸುತ್ತು ನೋಡಿದೆ. ಬೆರಳು ಹೋದದ್ದಕ್ಕೆ ನನಗೇನೂ ಬೇಜಾರಿಲ್ಲ, ದುಡಿದ ಬೆರಳು ಹೋಗಲೇಬೇಕು. ಆದರೆ ಇಂಥದ್ದೊಂದು ಸುತ್ತಿಗಾಗಿ ಒಂಬತ್ತು ದಿನ ಅನ್ನ ನೀರು ಮರೆತು ಒದ್ದಾಡಿದವಳು ನಾನೇ ತಾನೇ? ಆ ಆಸೆ ಎಷ್ಟು ಹುಡುಕಿದರೂ ಒಳಗೆಲ್ಲೂ ಸಿಗಲಿಲ್ಲ. ರೈಲು ನಿಲ್ಲುವ ಮುಂಚೆಯೇ ನಾನು ಬಾಗಿಲ ಕಡೆ ಹೊರಟಿದ್ದೆ.